ಮದುವೆಯಿಲ್ಲದೆ ಕೈಗೆ ಬಂದ ಪೆಟ್ಟಿಗೆ

(ಮಹಿಳಾ ಕಾರ್ಯಕರ್ತೆಯರ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ವರದಕ್ಷಿಣೆ ಮತ್ತು ಮನೆಯೊಳಗಿನ ಹಿಂಸೆಯ ಬಗ್ಗೆ ಚರ್ಚಿಸಲು ಸೇರಿರುವ ಈ ಸಭೆಯಲ್ಲಿ ನಾನು ಒಂದು ನಾಟಕದ ಬಗ್ಗೆ ಮಾತಾಡುತ್ತೇನೆ. ಅದರ ಹೆಸರು ‘ಮೈಗ್ರಿಟ್ಯೂಡ್’. ಬರೆದು ಆಡಿದವರು ಕವಿ ಶೈಲಜಾ ಪಟೇಲ್. ಕೀನ್ಯಾದಲ್ಲಿ ನೆಲೆಸಿದ ಗುಜರಾತಿ ಕುಟುಂಬದ ಮಗಳು. ಇಂಗ್ಲೆಂಡಿನಲ್ಲಿ ಓದಿ, ಅಮೆರಿಕಕ್ಕೆ ಹೋದವರು. 2006ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಈ ಏಕವ್ಯಕ್ತಿ ಪ್ರದರ್ಶನ ಆರಂಭವಾಯಿತು, 2010ರಲ್ಲಿ ಅಮೆರಿಕದಲ್ಲಿ ಪುಸ್ತಕವಾಗಿ ಬಂತು. ನಾನು ಅದನ್ನು ಪುಸ್ತಕದಲ್ಲಿ ಓದಿದವಳು.

ರಂಗದ ಮೇಲೆ ಒಬ್ಬಳೇ ಹೆಂಗಸು, ಒಂದು ಸೂಟ್‌ಕೇಸು. ಅದರೊಳಗಿರುವುದು ಮಗಳ ಮದುವೆಗೆಂದು ತಾಯಿ ವರ್ಷಗಟ್ಟಲೆ ಕೂಡಿಟ್ಟ ಸೀರೆಗಳು. ಅವು ಒಂದೊಂದಾಗಿ ಹೊರಬರುತ್ತವೆ, ಜೊತೆಗೆ ಕಥೆಗಳೂ ಬಿಚ್ಚಿಕೊಳ್ಳುತ್ತವೆ. ಸೆರಗಿನ ಮಾವಿನಕಾಯಿ ಚಿತ್ತಾರ ಸ್ಕಾಟ್ಲೆಂಡಿನ ಒಂದು ನೇಕಾರರ ಪಟ್ಟಣದ ಹೆಸರು ಹೊತ್ತು ‘ಪೇಸ್ಲಿ’ ಆದ ಬಗೆ. 1972ರಲ್ಲಿ ಇದಿ ಅಮೀನ್ ಉಗಾಂಡದ ಏಷ್ಯನ್ನರಿಗೆ 90 ದಿನಗಳ ಗಡುವು ಕೊಟ್ಟು ಓಡಿಸಿದ್ದು, ಆ ಭಯ ಪಕ್ಕದ ಕೀನ್ಯಾದ ಮನೆಗಳಲ್ಲೂ ಕೂತದ್ದು. ಮೂವರು ಹೆಣ್ಣುಮಕ್ಕಳನ್ನು ಹೊರದೇಶದಲ್ಲಿ ಓದಿಸಲು ಶಿಲ್ಲಿಂಗಿಗೆ ಶಿಲ್ಲಿಂಗು ಜೋಡಿಸಿದ ಅಪ್ಪ ಅಮ್ಮ. ನಡುನಡುವೆ ತಾಯಿಯ ಪತ್ರಗಳು: ಗದರಿಕೆ, ಆತಂಕ, ಬಾಯಿಬಿಟ್ಟು ಹೇಳದ ಪ್ರೀತಿ.

ನಮಗೆ ಮುಖ್ಯವಾದ ಸಂಗತಿ ಒಂದಿದೆ. ಈ ಮಗಳು ಮದುವೆಯಾಗಲಿಲ್ಲ. ಆದರೂ ತಾಯಿ ಪೆಟ್ಟಿಗೆಯನ್ನು ಅವಳ ಕೈಗೆ ಕೊಟ್ಟರು.

ಇದರಲ್ಲೇನು ವಿಶೇಷ ಎನ್ನಬೇಡಿ. ನಮ್ಮಲ್ಲಿ ಮಗಳ ಹೆಸರಿನಲ್ಲಿ ಕೂಡಿಡುವ ಚಿನ್ನ, ಪಾತ್ರೆ, ಸೀರೆ ಎಲ್ಲಕ್ಕೂ ಒಂದೇ ಬೀಗದ ಕೈ: ಮದುವೆ. ಅರಿಶಿನ ಕುಂಕುಮಕ್ಕೆಂದು ಕೊಡುವ ಜಮೀನಿನ ತುಂಡೂ ಹಾಗೆಯೇ. ಮದುವೆಯಾದರೆ ಕೊಡುತ್ತಾರೆ, ಆದರೆ ಅದು ಬೇರೆಯವರ ಮನೆ ಸೇರುತ್ತದೆ. ಮದುವೆಯಾಗದಿದ್ದರೆ ಕೊಡುವುದೇ ಇಲ್ಲ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎನ್ನುತ್ತೇವೆ. ಕೊಡದ ಹೆಣ್ಣು ಮನೆಯೊಳಗಿದ್ದೂ ಲೆಕ್ಕಕ್ಕೆ ಹೊರಗು.

ಹಿಂಸೆಗೆ ಬೇಸತ್ತು ಗಂಡನ ಮನೆಯಿಂದ ಹೊರಬಂದ ಹೆಂಗಸು ಮೊದಲು ಬರೆಯಬೇಕಾದದ್ದು ಪಟ್ಟಿ. ಇಷ್ಟು ಸೀರೆ, ಇಷ್ಟು ಗ್ರಾಂ ಚಿನ್ನ, ಮಂಚ, ಬೀರು. ಮದುವೆಯ ಉಡುಗೊರೆಗಳನ್ನು ಪಟ್ಟಿ ಮಾಡಿಡಬೇಕೆಂದು 1985ರ ನಿಯಮಗಳು ಹೇಳಿದವು. ಅದೇ ವರ್ಷ ಪ್ರತಿಭಾರಾಣಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸ್ತ್ರೀಧನ ಹೆಂಡತಿಯದೇ, ಕೇಳಿದಾಗ ಹಿಂದಿರುಗಿಸದಿದ್ದರೆ ನಂಬಿಕೆದ್ರೋಹ ಎಂದಿತು. ಆದರೂ ರಸೀದಿ ಎಲ್ಲಿ ಎಂಬ ಪ್ರಶ್ನೆಯ ಮುಂದೆ ಎಷ್ಟೋ ಜನ ಸೋತು ಕೂರುತ್ತಾರೆ. ಈ ನಾಟಕದಲ್ಲೂ ಒಂದು ಪಟ್ಟಿಯಿದೆ. ಆದರೆ ಅಲ್ಲಿ ಹೆಣ್ಣು ತನ್ನ ವಸ್ತುಗಳನ್ನು ಯಾರಿಗೂ ರುಜುವಾತು ಮಾಡಬೇಕಿಲ್ಲ. ಅವು ಅವಳವು. ತಾನೇ ಬಿಚ್ಚುತ್ತಾಳೆ, ತಾನೇ ಅರ್ಥ ಹೇಳುತ್ತಾಳೆ.

ಕಾನೂನಿಗೂ ಮದುವೆಯ ಗೀಳು ಸುಲಭದಲ್ಲಿ ಬಿಡಲಿಲ್ಲ. ಕರ್ನಾಟಕದಲ್ಲಿ 1994ರಲ್ಲಿ ಜಾರಿಯಾದ ತಿದ್ದುಪಡಿ ಹಿಂದೂ ಕೂಡುಕುಟುಂಬದ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಆ ಗೆರೆ ಅಳಿದದ್ದು 2005ರ ಕೇಂದ್ರ ತಿದ್ದುಪಡಿಯಿಂದ. 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು ಎಂದು ಸ್ಪಷ್ಟಪಡಿಸಿತು. ಆದರೆ ಕಾನೂನು ಕೊಟ್ಟದ್ದನ್ನು ಅಣ್ಣತಮ್ಮಂದಿರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಹಿಂದಕ್ಕೆ ಪಡೆಯುತ್ತಾರೆ. ‘ನಿನ್ನ ಮದುವೆಗೆ ಖರ್ಚು ಮಾಡಿದ್ದೇವಲ್ಲ’ ಎನ್ನುವುದೇ ಅವರ ವಾದ.

ಇನ್ನು ಮದುವೆಯೇ ಬೇಡವೆನ್ನುವ ಹೆಣ್ಣು? ಹೆಣ್ಣನ್ನೇ ಪ್ರೀತಿಸುವ ಹೆಣ್ಣು? ಗಂಡಾಗಿ ಹುಟ್ಟಿದವಳೆಂದು ಮನೆಯವರು ತಿಳಿದ, ತಾನು ಹೆಣ್ಣೆಂದು ಅರಿತವಳು? 2018ರಲ್ಲಿ ಸುಪ್ರೀಂ ಕೋರ್ಟು ಇಂಥ ಪ್ರೀತಿ ಅಪರಾಧವಲ್ಲ ಎಂದಿತು. 2023ರಲ್ಲಿ, ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡುವುದು ತನ್ನ ಕೆಲಸವಲ್ಲ ಎಂದಿತು. ಮಗಳ ಪಾಲಿಗೆ ಮದುವೆಯೇ ಬೀಗದ ಕೈ ಆಗಿರುವ ಮನೆಯಲ್ಲಿ ಇವರಿಗೆ ಪೆಟ್ಟಿಗೆ ಎಂದಿಗೂ ತೆರೆಯದು. ಬೆಂಗಳೂರಿನಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳಿಗೆ ದುಡಿದ ಎ. ರೇವತಿ ತಮಿಳುನಾಡಿನ ತಮ್ಮ ಮನೆಯಲ್ಲಿ ಅಣ್ಣನಿಂದ ತಿಂದ ಹೊಡೆತವನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ. ದು. ಸರಸ್ವತಿ ಅದನ್ನು ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು, ಹೆಗ್ಗೋಡಿನ ಜನಮನದಾಟ ತಂಡ ನಾಟಕ ಮಾಡಿತು. ತಮಿಳಿನಲ್ಲಿ ರೇವತಿಯವರೇ ಒಬ್ಬರೇ ನಿಂತು ತಮ್ಮ ಬದುಕನ್ನು ಅಭಿನಯಿಸಿದರು. ಅಣ್ಣ ತಮ್ಮಂದಿರ ಏಟೂ ಕೌಟುಂಬಿಕ ಹಿಂಸೆಯೇ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ ಗಂಡನ ಮನೆಗಷ್ಟೇ ಅಲ್ಲ, ತವರಿಗೂ ಅನ್ವಯಿಸುತ್ತದೆ ಎಂಬುದನ್ನು ನಾವು ಊರೂರಲ್ಲಿ ಹೇಳಬೇಕು.

ವಲಸೆ ಹೋದ ಕಡೆ ಈ ಬೀಗ ಇನ್ನೂ ಬಿಗಿ. ನಮ್ಮ ಊರುಗಳಿಂದಲೂ ಸಾಫ್ಟ್‌ವೇರ್ ಗಂಡನ ಹಿಂದೆ ಹೆಣ್ಣುಮಕ್ಕಳು ಅಮೆರಿಕಕ್ಕೆ ಹೋಗಿದ್ದಾರೆ. ಎಚ್-4 ವೀಸಾದ ಹೆಂಡತಿಯರಿಗೆ 2015ರವರೆಗೆ ಕೆಲಸ ಮಾಡುವ ಅನುಮತಿಯೇ ಇರಲಿಲ್ಲ, ಅನಂತರವೂ ಎಲ್ಲರಿಗೂ ದೊರೆಯಲಿಲ್ಲ. ಅವಳು ಆ ದೇಶದಲ್ಲಿ ಉಳಿಯುವುದೇ ಗಂಡನ ಉದ್ಯೋಗದ ಮೇಲೆ ನಿಂತಿರುತ್ತದೆ. ಇದನ್ನು ಕಂಡೇ 1985ರಲ್ಲಿ ನ್ಯೂಜೆರ್ಸಿಯಲ್ಲಿ ಮಾನವಿ, 1989ರಲ್ಲಿ ನ್ಯೂಯಾರ್ಕಿನಲ್ಲಿ ಸಖಿ ಹುಟ್ಟಿದವು. ಅವುಗಳನ್ನು ಕಟ್ಟಿದವರು ದಕ್ಷಿಣ ಏಷ್ಯಾದ ವಲಸೆ ಹೆಂಗಸರೇ. ಹೊರದೇಶದಲ್ಲಿ ‘ನಮ್ಮ ಜನದ ಮಾನ’ ಎಂಬ ಮಾತಿನ ಕೆಳಗೆ ಹೂತುಹೋಗುವುದನ್ನು ಅವರು ಬಯಲಿಗೆ ತಂದರು.

ಪೆಟ್ಟಿಗೆ ತುಂಬ ಸೀರೆ ಇರುವವರ ಮಾತು ಇದೆಲ್ಲ, ಕೂಲಿಯವಳಿಗೆ ಪೆಟ್ಟಿಗೆ ಎಲ್ಲಿಯದು ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ನಾಟಕ ಕಣ್ಣು ಮುಚ್ಚಿಲ್ಲ. ಕೀನ್ಯಾದ ಭಾರತೀಯರು ಆಫ್ರಿಕನ್ನರಿಗಿಂತ ಮೇಲೆ, ಬಿಳಿಯರಿಗಿಂತ ಕೆಳಗೆ ಬದುಕಿದವರು. ಮಸಾಯಿ ಮತ್ತು ಸಂಬೂರು ಹೆಂಗಸರು ನೂರಾರು ಮಂದಿ ತಮ್ಮ ನೆಲದಲ್ಲಿ ತರಬೇತಿಗೆ ಬರುತ್ತಿದ್ದ ಬ್ರಿಟಿಷ್ ಸೈನಿಕರು ಅತ್ಯಾಚಾರ ಮಾಡಿದರೆಂದು ದೂರಿದರು. ಬ್ರಿಟಿಷ್ ಮಿಲಿಟರಿ ಪೊಲೀಸರ ತನಿಖೆ ಯಾರನ್ನೂ ಕಟಕಟೆಗೆ ತರದೆ ಮುಗಿಯಿತು. ತಾಯಿಯ ಸೀರೆಗಳ ನಡುವೆಯೇ ಶೈಲಜಾ ಆ ಹೆಂಗಸರ ಮಾತಿಗೂ ಜಾಗ ಮಾಡಿದ್ದಾರೆ. ತನ್ನ ಮನೆಯ ದುಃಖದಲ್ಲೇ ಅವರು ನಿಂತುಬಿಡಲಿಲ್ಲ.

1979ರ ಸುಮಾರಿಗೆ ದೆಹಲಿಯಲ್ಲಿ ‘ಓಂ ಸ್ವಾಹಾ’ ಎಂಬ ಬೀದಿನಾಟಕ ವರದಕ್ಷಿಣೆ ಸಾವುಗಳನ್ನು ಜನರ ಮುಂದಿಟ್ಟಿತು. ಸುಟ್ಟುಹೋದವಳ ಪರವಾಗಿ ಬೇರೆಯವರು ಮಾತಾಡಬೇಕಾಗಿತ್ತು, ಮಾತಾಡಿದರು. ಆ ನಾಟಕ ಇಂದಿಗೂ ಬೇಕು. ಅದರ ಜೊತೆಗೆ, ಬದುಕಿರುವಾಗಲೇ ಹೆಣ್ಣು ತಾನೇ ನಿಂತು ತನ್ನ ಕಥೆ ಹೇಳುವ ಇಂಥ ನಾಟಕವೂ ಬೇಕು.

ಸಂಘಗಳಲ್ಲಿ ಎರಡು ಕೆಲಸ ಮಾಡೋಣ. ತಾಯಂದಿರ ಜೊತೆ ಕೂತು, ಮಗಳಿಗೆಂದು ಕೂಡಿಟ್ಟದ್ದು ಬ್ಯಾಂಕಿನಲ್ಲಾಗಲಿ ಪಹಣಿಯಲ್ಲಾಗಲಿ ಅವಳ ಹೆಸರಿಗೆ ಈಗಲೇ ಆಗುವಂತೆ ನೋಡೋಣ. ಅವಳು ಯಾರನ್ನು ಮದುವೆಯಾಗುತ್ತಾಳೆ, ಆಗುತ್ತಾಳೋ ಇಲ್ಲವೋ ಎಂಬುದು ಆ ಕಾಗದದ ಷರತ್ತಾಗದಿರಲಿ. ಎರಡನೆಯದು, ಮುಂದಿನ ಸಭೆಗೆ ಪ್ರತಿಯೊಬ್ಬಳೂ ತವರಿಂದ ಬಂದ ಒಂದು ವಸ್ತು ತರಲಿ. ಏನೂ ಬಾರದಿದ್ದವಳು ಬರಿಗೈಯಲ್ಲೇ ಬರಲಿ. ಎಲ್ಲರೂ ಹತ್ತು ಹತ್ತು ನಿಮಿಷ ನಿಂತು ಅದರ ಕಥೆ ಹೇಳೋಣ.