ಟಿ.ವಿ.ಯ ಡಾಕ್ಟರು, ತಟ್ಟೆಯ ಧಾನ್ಯ ಮತ್ತು ನಿಮ್ಮ ಮಾತ್ರೆ

(ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ರೋಗಿಗಳಿಗೂ ಅವರ ಮನೆಯವರಿಗೂ ನೀಡಿದ ಆರೋಗ್ಯ ಮಾಹಿತಿ ಉಪನ್ಯಾಸದ ಬರಹ ರೂಪ)



ನಾನು ಡಾಕ್ಟರಲ್ಲ. ನರ್ಸಿಂಗ್ ಡಿಪ್ಲೊಮಾ ಓದಿದವಳು. ಡಾಕ್ಟರು ಬರೆದ ಚೀಟಿಯನ್ನು ನಿಮಗೆ ಬಿಡಿಸಿ ಹೇಳುವುದು, ಹೊಸ ನರ್ಸ್ ಮಕ್ಕಳಿಗೆ ಕಲಿಸುವುದು ನನ್ನ ಕೆಲಸ. ಈಚೆಗೆ ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿ ಕಡೆಯಿಂದ ಬರುವವರು ಔಷಧಿ ಚೀಟಿಯ ಜೊತೆಗೆ ಮೊಬೈಲನ್ನೂ ಮುಂದೆ ಹಿಡಿಯುತ್ತಾರೆ. "ಸಿಸ್ಟರ್, ಈ ಡಾಕ್ಟರು ಅಕ್ಕಿ ವಿಷ ಅಂತಾರೆ, ಸಿರಿಧಾನ್ಯ ತಿಂದರೆ ಸಕ್ಕರೆ ಕಾಯಿಲೆ ಹೋಗುತ್ತೆ ಅಂತಾರೆ. ನಂಬಬಹುದಾ?" ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೆ ನಿಂತಲ್ಲೇ ಉತ್ತರ ಹೇಳಿ ಸಾಕಾಗಿ, ಇವತ್ತು ಎಲ್ಲರಿಗೂ ಒಟ್ಟಿಗೆ ಹೇಳುತ್ತಿದ್ದೇನೆ.

ಮೊದಲು ನನ್ನ ಮನೆಯ ಮಾತು

ನಮ್ಮ ತಂದೆ ಸೊರಬ ತಾಲ್ಲೂಕಿನ ರೈತರು. ಭತ್ತದ ಗದ್ದೆ, ಸ್ವಲ್ಪ ಅಡಿಕೆ. ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದರು. ಕೆಲವು ವರ್ಷಗಳ ಹಿಂದೆ ಹೆಸರುವಾಸಿ ವೈದ್ಯರೊಬ್ಬರು ಧಾನ್ಯದ ಬಗ್ಗೆ ಮಾತಾಡಿದ ಒಂದು ವಿಡಿಯೋ ನನ್ನ ಫೋನಿಗೆ ಬಂತು. ಮೊದಲ ಹತ್ತು ನಿಮಿಷ ನೋಡಿದೆ. ಮಾತು ಸರಿಯಾಗಿಯೇ ಇತ್ತು. ತಂದೆಗೆ ಕಳಿಸಿದೆ. ಮೂರು ಹೊತ್ತು ಅನ್ನ ಉಣ್ಣುವವರು ಸ್ವಲ್ಪ ಕಡಿಮೆ ಮಾಡಲಿ ಎನ್ನುವುದು ನನ್ನ ಆಸೆ.

ಅವರು ಶ್ರದ್ಧೆಯಿಂದ ಪಾಲಿಸಿದರು. ರಾತ್ರಿ ಅನ್ನ ಬಿಟ್ಟು ಸಾಮೆ ಗಂಜಿ ಕುಡಿದರು. ಎರಡು ತಿಂಗಳಲ್ಲಿ ಬೆಳಗಿನ ಸಕ್ಕರೆ 210ರಿಂದ 150ಕ್ಕೆ ಇಳಿಯಿತು. ನಾನೂ ಹಿಗ್ಗಿದೆ. ಆದರೆ ಅದೇ ವಿಡಿಯೋದ ಕೊನೆಯಲ್ಲಿ, ಹೀಗೆ ತಿನ್ನುವವರಿಗೆ ಮಾತ್ರೆಯ ಹಂಗೇ ಬೇಡ ಎಂಬ ಮಾತಿತ್ತು. ಅದನ್ನು ನಾನು ನೋಡಿರಲಿಲ್ಲ. ತಂದೆ ನೋಡಿದ್ದರು. ನನಗೆ ಹೇಳದೆ ಮಾತ್ರೆ ನಿಲ್ಲಿಸಿದರು.

ನಾಲ್ಕು ತಿಂಗಳ ಮೇಲೆ ಗದ್ದೆಯಲ್ಲಿ ಕಾಲಿಗೆ ಮುಳ್ಳು ಚುಚ್ಚಿತು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಸತ್ತಿತ್ತು, ನೋವು ಗೊತ್ತಾಗಲಿಲ್ಲ. ಬೆರಳು ಕಪ್ಪಾದ ಮೇಲೆ ಅಮ್ಮ ಫೋನ್ ಮಾಡಿದರು. ಆಗ ರಕ್ತದ ಸಕ್ಕರೆ 400 ದಾಟಿತ್ತು. ಎಡಗಾಲಿನ ಎರಡು ಬೆರಳು ತೆಗೆಯಬೇಕಾಯಿತು. ವಾರ್ಡಿನಲ್ಲಿ ಅವರು ನನ್ನನ್ನು ಬೈಯಲಿಲ್ಲ. "ನೀನೇ ಕಳಿಸಿದ್ದಲ್ಲ ಮಗಾ, ಅದಕ್ಕೇ ನಂಬಿದೆ" ಎಂದರು, ಅಷ್ಟೇ. ಊರೂರಿನಲ್ಲಿ ಮಾತ್ರೆ ಬಿಡಬೇಡಿ ಎಂದು ಹೇಳಿ ತಿರುಗುವವಳು, ನನ್ನ ತಂದೆಗೆ ಪೂರ್ತಿ ನೋಡದ ವಿಡಿಯೋ ಕಳಿಸಿದ್ದೆ. ಯಾರ ವಿಡಿಯೋ ಎಂದು ಕೇಳಬೇಡಿ. ಈ ಉಪನ್ಯಾಸದಲ್ಲಿ ಹೆಸರು ಹೇಳುವ ಯಾರದ್ದೂ ಅದಲ್ಲ. ಕಳಿಸಿದ ತಪ್ಪು ನನ್ನದು.

ಧಾನ್ಯದ ಮಾತಿನಲ್ಲಿ ಎಷ್ಟು ಸತ್ಯ?

ಇಷ್ಟಾದ ಮೇಲೆ ನಾನು ಸಿರಿಧಾನ್ಯದ ವಿರೋಧಿ ಎಂದುಕೊಳ್ಳಬೇಡಿ. ತವುಡು ಸಹಿತ ಧಾನ್ಯ ಒಳ್ಳೆಯದೆಂಬುದು ಹಳೆಯ ಸತ್ಯ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಐಕ್ಮನ್ ಎಂಬ ಡಚ್ ವೈದ್ಯರು ಒಂದು ವಿಚಿತ್ರ ಕಂಡರು. ಪಾಲಿಶ್ ಮಾಡಿದ ಬಿಳಿ ಅಕ್ಕಿ ತಿಂದ ಕೋಳಿಗಳಿಗೆ ಕಾಲಿನ ಶಕ್ತಿ ಹೋಗುತ್ತಿತ್ತು. ತವುಡಿರುವ ಅಕ್ಕಿ ಕೊಟ್ಟರೆ ಚೇತರಿಸಿಕೊಳ್ಳುತ್ತಿದ್ದವು. ಮನುಷ್ಯರ ಬೆರಿಬೆರಿ ರೋಗಕ್ಕೂ ಇದೇ ಕಾರಣವೆಂದು ಮುಂದೆ ಗೊತ್ತಾಯಿತು. ತವುಡಿನಲ್ಲಿದ್ದ ಆ ವಸ್ತುವೇ ಇಂದಿನ ಬಿ-1 ವಿಟಮಿನ್. ಐಕ್ಮನ್ ಅವರಿಗೆ 1929ರಲ್ಲಿ ನೊಬೆಲ್ ಬಹುಮಾನ ಬಂತು.

ನಮ್ಮ ಕರ್ನಾಟಕದಲ್ಲಿ ಕಿರುಧಾನ್ಯವನ್ನು ಮನೆಮಾತು ಮಾಡಿದವರಲ್ಲಿ ಮೈಸೂರಿನ ಡಾ. ಖಾದರ್ ವಲಿ ಮುಖ್ಯರು. ನವಣೆ, ಸಾಮೆ, ಹಾರಕ, ಊದಲು, ಕೊರಲೆ ಎಂಬ ಐದನ್ನು ಸಿರಿಧಾನ್ಯವೆಂದು ಅವರು ಊರೂರು ತಿರುಗಿ ಹೇಳಿದರು. 2023ರಲ್ಲಿ ಅವರಿಗೆ ಪದ್ಮಶ್ರೀ ಸಿಕ್ಕಿತು. ಅದೇ ವರ್ಷವನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಕಿರುಧಾನ್ಯ ವರ್ಷವೆಂದು ಆಚರಿಸಿತು. ಮೂಲೆ ಸೇರಿದ್ದ ಬೆಳೆ ಮತ್ತೆ ಹೊಲಕ್ಕೂ ಅಡುಗೆಮನೆಗೂ ಬಂದದ್ದು ಸಣ್ಣ ಕೆಲಸವಲ್ಲ. ಆದರೆ ಒಂದು ವಿಷಯ ತಿಳಿದಿರಲಿ. ಅವರ ಹೆಸರಿನ ಹಿಂದಿನ 'ಡಾ.' ವಿಜ್ಞಾನದ ಪಿಎಚ್‌.ಡಿ. ಪದವಿಯದು. ಪದ್ಮ ಪ್ರಶಸ್ತಿಯೂ ವಿಜ್ಞಾನ ವಿಭಾಗದಲ್ಲೇ ಬಂದದ್ದು. ಅದರಿಂದ ಗೌರವ ಕಡಿಮೆಯಾಗುವುದಿಲ್ಲ. ಆದರೆ ಪ್ರಶಸ್ತಿಯೆಂಬುದು ಒಬ್ಬರ ಸೇವೆಗೆ ಸಲ್ಲುವ ಮನ್ನಣೆ. ಅವರು ಹೇಳಿದ ಒಂದೊಂದು ಮಾತನ್ನೂ ರೋಗಿಗಳ ಮೇಲೆ ಪರೀಕ್ಷಿಸಿ ಒತ್ತಿದ ಮುದ್ರೆ ಅದಲ್ಲ. ಅಕ್ಕಿ, ಗೋಧಿ ಬಿಡಿ ಎನ್ನುವ ಮಾತಿಗೂ, ಈ ಧಾನ್ಯದಿಂದ ಇಂಥ ರೋಗ ಗುಣವಾಗುತ್ತದೆ ಎನ್ನುವ ಮಾತಿಗೂ ಬೇರೆ ಬೇರೆ ಪುರಾವೆ ಬೇಕು.

ಪುರಾವೆ ಏನು ಹೇಳುತ್ತದೆ? ಹೈದರಾಬಾದಿನ ಇಕ್ರಿಸ್ಯಾಟ್ ಸಂಸ್ಥೆಯ ನೇತೃತ್ವದಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಒಂದು ವರದಿ ಬಂತು. ಕಿರುಧಾನ್ಯ ತಿಂದ ಸಕ್ಕರೆ ಕಾಯಿಲೆಯವರಲ್ಲಿ ಹಸಿದ ಹೊಟ್ಟೆಯ ಸಕ್ಕರೆ ಸುಮಾರು ಶೇ. 12ರಷ್ಟು, ಊಟದ ನಂತರದ್ದು ಶೇ. 15ರಷ್ಟು ಇಳಿದಿತ್ತು. ಒಳ್ಳೆಯ ಸುದ್ದಿ. ಆದರೆ ಲೆಕ್ಕ ಹಾಕಿ ನೋಡಿ. ನಿಮ್ಮ ಬೆಳಗಿನ ಸಕ್ಕರೆ 240 ಇದ್ದರೆ ಶೇ. 12 ಇಳಿದಾಗ ಸುಮಾರು 211 ಆಗುತ್ತದೆ. ಅದು ಇನ್ನೂ ಹೆಚ್ಚೇ. ಧಾನ್ಯ ಮಾತ್ರೆಗೆ ಜೊತೆಗಾರ, ಮಾತ್ರೆಯ ಬದಲಿ ಅಲ್ಲ ಎಂದು ನಾವು ಹೇಳುವುದು ಇದಕ್ಕೇ.

ಇನ್ನೊಂದು ಮಾತು. ಸಾಮೆಯಾದರೆ ಎಷ್ಟು ಬೇಕಾದರೂ ತಿನ್ನಬಹುದು ಎಂದು ಕೆಲವರು ತಿಳಿದಿದ್ದಾರೆ. 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟ, ಸುಮಾರು 3 ಗ್ರಾಂ ನಾರು ಇದೆ. ಸಾಮೆಯಲ್ಲಿ ಪಿಷ್ಟ ಸುಮಾರು 65 ಗ್ರಾಂ, ನಾರು ಸುಮಾರು 8 ಗ್ರಾಂ. ನಾರು ಹೆಚ್ಚು, ನಿಜ. ಆದರೆ ಎರಡರ ಶಕ್ತಿಯೂ ಹತ್ತಿರ ಹತ್ತಿರ 350 ಕ್ಯಾಲೊರಿ. ಎರಡು ತಟ್ಟೆ ಸಾಮೆ ಅನ್ನ ಒಂದು ತಟ್ಟೆ ಅಕ್ಕಿ ಅನ್ನಕ್ಕಿಂತ ಹೆಚ್ಚೇ ಸಕ್ಕರೆ ಏರಿಸುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ದೇಶವ್ಯಾಪಿ ಅಧ್ಯಯನ 2025ರಲ್ಲಿ ಇದನ್ನೇ ಹೇಳಿತು. ನಮ್ಮ ಜನರ ದಿನದ ಶಕ್ತಿಯಲ್ಲಿ ಶೇ. 62ರಷ್ಟು ಪಿಷ್ಟದಿಂದಲೇ ಬರುತ್ತಿದೆ. ಒಟ್ಟು ಪಿಷ್ಟ ಕಡಿಮೆ ಮಾಡದೆ ಬಿಳಿ ಅಕ್ಕಿಯ ಜಾಗಕ್ಕೆ ಗೋಧಿ ಹಿಟ್ಟೋ ಕಿರುಧಾನ್ಯದ ಹಿಟ್ಟೋ ಬಂದರೆ ಅಷ್ಟರಿಂದಲೇ ಸಕ್ಕರೆ ಕಾಯಿಲೆಯ ಅಪಾಯ ತಗ್ಗಿದ್ದು ಕಾಣಲಿಲ್ಲ. ಸ್ವಲ್ಪ ಪಿಷ್ಟದ ಬದಲು ಬೇಳೆಕಾಳು, ಹಾಲು-ಮೊಸರಿನ ಪ್ರೋಟೀನು ಬಂದಲ್ಲಿ ಅಪಾಯ ಕಡಿಮೆ ಕಂಡಿತು. ಯಾವ ಧಾನ್ಯ ಎಂಬುದಕ್ಕಿಂತ ಎಷ್ಟು ಧಾನ್ಯ, ಜೊತೆಗೆ ಏನು ಎಂಬುದು ದೊಡ್ಡದು. ನಮ್ಮ ತಂದೆಯ ಸಕ್ಕರೆ ಮೊದಲು ಇಳಿದದ್ದಕ್ಕೂ ಸಾಮೆಯಷ್ಟೇ, ರಾತ್ರಿಯ ರಾಶಿ ಅನ್ನ ನಿಂತದ್ದು ಕಾರಣ, ಮಾತ್ರೆ ನಡೆಯುತ್ತಿದ್ದದ್ದೂ ಕಾರಣ.

ಯಾರ ಮಾತನ್ನು ಹೇಗೆ ಕೇರಬೇಕು?

ಮನೆಯಲ್ಲಿ ಅಕ್ಕಿಯನ್ನು ಮೊರದಲ್ಲಿ ಹಾಕಿ ಕೇರುತ್ತೇವಲ್ಲ, ಹಾಗೆ ಬಂದ ಸಲಹೆಯನ್ನೂ ಐದು ಪ್ರಶ್ನೆಗಳಿಂದ ಕೇರಿ.

1. ಇವರು ಯಾವುದರ ಡಾಕ್ಟರು? ಎಂ.ಬಿ.ಬಿ.ಎಸ್. ಇರಬಹುದು, ಪಿಎಚ್‌.ಡಿ. ಇರಬಹುದು, ಗೌರವ ಡಾಕ್ಟರೇಟೂ ಇರಬಹುದು. ದೊಡ್ಡ ಹೃದಯ ಶಸ್ತ್ರಚಿಕಿತ್ಸಕರೂ ಆಹಾರದ ವಿಷಯದಲ್ಲಿ ತಪ್ಪಬಹುದು.

2. ಇವರು ನನ್ನನ್ನು ನೋಡಿದ್ದಾರೆಯೇ? ಲಕ್ಷ ಜನರಿಗೆ ಹೇಳಿದ ಮಾತಿನಲ್ಲಿ ನಿಮ್ಮ ಕಿಡ್ನಿ, ನಿಮ್ಮ ವಯಸ್ಸು, ನೀವು ತೆಗೆದುಕೊಳ್ಳುವ ಮಾತ್ರೆ ಇರುವುದಿಲ್ಲ.

3. ಮಾತು ಮುಗಿದ ಮೇಲೆ ಏನಾದರೂ ಮಾರುತ್ತಾರೆಯೇ? ಪುಡಿ, ಪೊಟ್ಟಣ, ಶಿಬಿರದ ಶುಲ್ಕ ಇದ್ದರೆ ಎರಡು ಸಲ ಯೋಚಿಸಿ.

4. ಒಂದೇ ಮದ್ದಿಗೆ ಎಲ್ಲ ರೋಗ ಹೋಗುತ್ತದೆ ಎನ್ನುತ್ತಾರೆಯೇ? ಸಕ್ಕರೆ ಕಾಯಿಲೆ, ಕ್ಯಾನ್ಸರ್ ಮೊದಲಾದವನ್ನು ಗುಣಪಡಿಸುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ.

5. ಮಾತ್ರೆ ಬಿಡಿ ಎನ್ನುತ್ತಾರೆಯೇ? ಅಲ್ಲಿಗೆ ವಿಡಿಯೋ ನಿಲ್ಲಿಸಿ. ಪೂರ್ತಿ ನೋಡದೆ ಯಾರಿಗೂ ಕಳಿಸಬೇಡಿ.

ಈಗ ಇನ್ನೊಂದು ಹೊಸ ಕಾಟ. ಮಾತಾಡುತ್ತಿರುವುದು ನಿಜವಾಗಿ ಆ ಡಾಕ್ಟರೇ ಎಂಬುದೂ ಗ್ಯಾರಂಟಿ ಇಲ್ಲ. ಕಂಪ್ಯೂಟರಿನಲ್ಲಿ ಮುಖ, ದನಿ ಎರಡನ್ನೂ ಜೋಡಿಸುತ್ತಾರೆ. ಬೆಂಗಳೂರಿನ ಹೃದಯತಜ್ಞ ಡಾ. ದೇವಿ ಶೆಟ್ಟಿಯವರೇ ತಮ್ಮ ಹೆಸರು, ಚಿತ್ರ ದುರ್ಬಳಕೆ ಮಾಡಿದವರ ವಿರುದ್ಧ 2024ರಲ್ಲಿ ದೆಹಲಿ ಹೈಕೋರ್ಟಿನಿಂದ ತಡೆ ಆದೇಶ ಪಡೆಯಬೇಕಾಯಿತು.

ವಿಶೇಷ ಎಚ್ಚರಿಕೆ ಯಾರಿಗೆ?

• ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು: ಒಮ್ಮೆಲೇ ಊಟ ಬದಲಿಸಿದರೆ, ಕಡಿಮೆ ಮಾಡಿದರೆ ಸಕ್ಕರೆ ತೀರಾ ಇಳಿಯಬಹುದು. ಬೆವರು, ನಡುಕ, ಎದೆಬಡಿತ, ಕಣ್ಣು ಮಂಜಾಗುವುದು ಇದರ ಗುರುತು. ಎಚ್ಚರವಿದ್ದರೆ ಕೂಡಲೇ ಮೂರು ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕೊಡಿ, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆತನ್ನಿ.

• ಕಿಡ್ನಿ ತೊಂದರೆ ಇರುವವರು: ತವುಡಿರುವ ಧಾನ್ಯದಲ್ಲಿ ಪೊಟ್ಯಾಶಿಯಂ, ರಂಜಕ ಹೆಚ್ಚು. ಇಂಥವರಿಗೆ ಕೆಲವೊಮ್ಮೆ ಬಿಳಿ ಅಕ್ಕಿಯೇ ಲೇಸು. ಕೇಳಿ ತಿನ್ನಿ.

• ಥೈರಾಯ್ಡ್ ಮಾತ್ರೆಯವರು: ಮಾತ್ರೆಯನ್ನು ಬರೀ ಹೊಟ್ಟೆಯಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಅಂಬಲಿ ಕುಡಿಯಿರಿ.

• ಗರ್ಭಿಣಿಯರು, ರಕ್ತ ಕಡಿಮೆ ಇರುವವರು: ಇಡಿಧಾನ್ಯದ ಫೈಟೇಟ್ ಎಂಬ ಅಂಶ ಕಬ್ಬಿಣವನ್ನು ಹೀರಲು ಬಿಡುವುದಿಲ್ಲ. ಕಬ್ಬಿಣದ ಮಾತ್ರೆಯನ್ನು ಊಟದ ಜೊತೆ ಬೇಡ. ನೆನೆಸಿ, ಮೊಳಕೆ ಬರಿಸಿ, ಹುಳಿ ಬರಿಸಿ ಮಾಡುವ ನಮ್ಮ ಅಜ್ಜಿಯರ ಪದ್ಧತಿ ಈ ಅಂಶವನ್ನು ಕಡಿಮೆ ಮಾಡುತ್ತದೆ.

• ಹೊಟ್ಟೆಯ ಆಪರೇಷನ್ ಆದವರು, ಭೇದಿಯಿಂದ ಬಳಲುವವರು: ಸದ್ಯಕ್ಕೆ ಮೆತ್ತನೆಯ ಗಂಜಿ ಸಾಕು.

ಹಾಗಾದರೆ ಏನು ತಿನ್ನಬೇಕು?

ಸಾಲ ಮಾಡಿ ಸಿರಿಧಾನ್ಯ ಕೊಳ್ಳಬೇಡಿ. ನ್ಯಾಯಬೆಲೆ ಅಂಗಡಿಯ ಅಕ್ಕಿಯನ್ನು ವಿಷ ಎಂದು ಹೆದರಿ ಚೆಲ್ಲಬೇಡಿ. ಅಪಾಯ ಇರುವುದು ರಾಶಿ ಅನ್ನ, ತೆಳ್ಳಗಿನ ಸಾರು ಎಂಬ ಊಟದಲ್ಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ, ದಿನದ ಶಕ್ತಿಯಲ್ಲಿ ಧಾನ್ಯಗಳ ಪಾಲು ಶೇ. 45 ಮೀರದಿರಲಿ ಎಂದಿದೆ. ಸಕ್ಕರೆ ಕಾಯಿಲೆಯವರಿಗೆ ಸುಲಭ ಲೆಕ್ಕ ಇದು: ಅರ್ಧ ತಟ್ಟೆ ತರಕಾರಿ-ಸೊಪ್ಪು, ಕಾಲು ತಟ್ಟೆ ಬೇಳೆಕಾಳು, ಕಾಲು ತಟ್ಟೆ ಅನ್ನ, ರೊಟ್ಟಿ ಅಥವಾ ಮುದ್ದೆ.

ಒಂದು ಹೊತ್ತು ಕೆಂಪಕ್ಕಿಯೋ ರಾಗಿಯೋ ಸಾಮೆಯೋ ಆಗಲಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬೆಲೆಯೂ ಕೈಗೆಟುಕುವಂಥದ್ದು. ಅಕ್ಕಿ ರೊಟ್ಟಿ ಬಿಡಲಾಗದಿದ್ದರೆ ಎರಡರ ಬದಲು ಒಂದು ತಿಂದು, ಪಲ್ಯ ಹೆಚ್ಚು ಹಾಕಿಕೊಳ್ಳಿ. ಹೊಸ ಧಾನ್ಯವನ್ನು ಸ್ವಲ್ಪಸ್ವಲ್ಪವೇ ಶುರು ಮಾಡಿ, ನೀರು ಚೆನ್ನಾಗಿ ಕುಡಿಯಿರಿ. ಇಲ್ಲವಾದರೆ ಹೊಟ್ಟೆ ಉಬ್ಬರಿಸುತ್ತದೆ. ಕೊಳ್ಳುವಾಗ ತೀರಾ ಬೆಳ್ಳಗೆ ಪಾಲಿಶ್ ಮಾಡಿದ್ದು ಬೇಡ. ತವುಡು ಹೋದ ಮೇಲೆ ಸಾಮೆಗೂ ಅಕ್ಕಿಗೂ ದೊಡ್ಡ ಅಂತರ ಉಳಿಯುವುದಿಲ್ಲ. ರಾಗಿ ಬಿಸ್ಕತ್ತಿನ ಪೊಟ್ಟಣದ ಹಿಂದೆ ಓದಿ. ಮೊದಲು ಮೈದಾ, ಸಕ್ಕರೆ ಎಂದಿದ್ದರೆ ಅದು ಹೆಸರಿಗಷ್ಟೇ ರಾಗಿ.

ಊಟ ಬದಲಿಸುವ ಮುಂಚೆ ಒಂದು ಸಲ, ಬದಲಿಸಿ ಎರಡು ವಾರಕ್ಕೆ ಒಂದು ಸಲ ಸಕ್ಕರೆ ಪರೀಕ್ಷೆ ಮಾಡಿಸಿ. ಸಕ್ಕರೆ ಇಳಿದಿದ್ದರೆ ಚೀಟಿ ಹಿಡಿದು ಬನ್ನಿ. ಮಾತ್ರೆ ಕಡಿಮೆ ಮಾಡುವ ಹಾಗಿದ್ದರೆ ಡಾಕ್ಟರೇ ಸಂತೋಷದಿಂದ ಮಾಡುತ್ತಾರೆ. ಆ ಕೆಲಸ ನಿಮ್ಮದೂ ಅಲ್ಲ, ನನ್ನದೂ ಅಲ್ಲ, ವಿಡಿಯೋದ್ದಂತೂ ಅಲ್ಲವೇ ಅಲ್ಲ. ದಿನಾ ರಾತ್ರಿ ಪಾದ ತೊಳೆದು, ಒರೆಸಿ, ಬೆರಳ ಸಂದಿಯನ್ನು ಬೆಳಕಿನಲ್ಲಿ ನೋಡಿ. ಗದ್ದೆಗೆ ಬರಿಗಾಲಲ್ಲಿ ಇಳಿಯಬೇಡಿ.

ನಮ್ಮ ತಂದೆ ಈಗ ಮಧ್ಯಾಹ್ನ ಒಂದು ಹಿಡಿ ಅನ್ನ, ರಾತ್ರಿ ಸಾಮೆ ಗಂಜಿ ಉಣ್ಣುತ್ತಾರೆ. ಮಾತ್ರೆಯನ್ನೂ ತಪ್ಪಿಸುವುದಿಲ್ಲ. ಫೋನಿಗೆ ಹೊಸ ವಿಡಿಯೋ ಬಂದರೆ ನನಗೆ ಕರೆ ಮಾಡಿ, "ಇದನ್ನು ಪೂರ್ತಿ ನೋಡಿ ಹೇಳು ಮಗಾ" ಎನ್ನುತ್ತಾರೆ. ನಾನು ಪೂರ್ತಿ ನೋಡುತ್ತೇನೆ. ನಿಮಗೂ ಅನುಮಾನ ಬಂದರೆ ಸಂಕೋಚ ಬೇಡ, ಮೊಬೈಲು ತನ್ನಿ, ಕೂತು ಒಟ್ಟಿಗೆ ನೋಡೋಣ. ಮಾತ್ರೆಯ ಡಬ್ಬಿಯನ್ನೂ ಮರೆಯದೆ ತನ್ನಿ.