ಅಕ್ಕನ ಮನೆಯ ಬೀಗದ ಕೈ

 

ನಾನು ಭಾಷಣಕಾರನಲ್ಲ. ನೀರಾವರಿ ಇಲಾಖೆಯಲ್ಲಿ ಇಂಜಿನಿಯರಾಗಿ ದುಡಿದು ನಿವೃತ್ತನಾದವನು. ಕಾಯಕದ ಬಗ್ಗೆ ಮಾತಾಡಿ ಎಂದು ನನ್ನನ್ನು ಕೇಳಿದರು. ಕೆರೆ, ಕಾಲುವೆಗಳ ಬಗ್ಗೆ ಹೇಳಬಹುದಿತ್ತು. ಆದರೆ ಮೂರು ವರ್ಷದಿಂದ ನನ್ನ ಪಾಲಿಗೆ ಬಂದಿರುವ ಕಾಯಕವೇ ಬೇರೆ. ಅದನ್ನೇ ಹೇಳುತ್ತೇನೆ.

ಅಜ್ಜಂಪುರ ತಾಲ್ಲೂಕಿನ ಶಿವನಿಯಲ್ಲಿ ನನ್ನ ಅಕ್ಕ ಒಬ್ಬಳೇ ಇದ್ದಾಳೆ. ವಯಸ್ಸು 78. ಮಕ್ಕಳಿಲ್ಲ, ಭಾವ ತೀರಿಕೊಂಡು 9 ವರ್ಷವಾಯಿತು. ಅವ್ವ ಬೇಗ ಹೋದ ಮೇಲೆ ನನಗೆ ಬುತ್ತಿ ಕಟ್ಟಿ ಶಾಲೆಗೆ ಕಳಿಸಿದವಳು ಇವಳೇ. ನಾನಿರುವುದು ಶಿವಮೊಗ್ಗದಲ್ಲಿ.

ಮೊದಲು ಶುರುವಾಗಿದ್ದು ಫೋನಿನಿಂದ. "ತಮ್ಮಾ, ಅಡಿಕೆ ಕೊಯ್ದೋರಿಗೆ ದುಡ್ಡು ಕೊಟ್ಟೆಯಾ?" ದಿನಕ್ಕೆ ಹತ್ತು ಸಲ ಇದೇ ಪ್ರಶ್ನೆ. ತೋಟ ಮಾರಿ ಆರು ವರ್ಷವಾಗಿತ್ತು. ಆಮೇಲೆ ಬೀಗದ ಕೈ ಕಾಣೆಯಾಗತೊಡಗಿತು. ಕೆಲಸಕ್ಕೆ ಬರುವ ಹುಡುಗಿಯೇ ಕದ್ದಳೆಂದು ಅಕ್ಕ ಬೀದಿಗೆಲ್ಲ ಹೇಳಿದಳು. ಹುಡುಗಿ ಕೆಲಸ ಬಿಟ್ಟಳು. ಬೀಗದ ಕೈ ಅಕ್ಕಿ ಡಬ್ಬಿಯಲ್ಲಿತ್ತು.

ನಾನು ಇಂಜಿನಿಯರನಲ್ಲವೇ, ಎಲ್ಲದಕ್ಕೂ ಒಂದು ಡಿಸೈನ್ ಮಾಡಿದೆ. "ಗ್ಯಾಸ್ ಆರಿಸು" ಎಂದು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಅಕ್ಕ ಅದನ್ನು ಓದಿ, ಗೋಡೆ ಕೊಳಕಾಯಿತೆಂದು ಕಿತ್ತು ಹಾಕಿದಳು. ಕರೆಂಟಿನ ಒಲೆ ತಂದೆ. ಬೆಂಕಿಕಡ್ಡಿ ಗೀರಿ ಎಲ್ಲಿ ಹಚ್ಚಬೇಕೆಂದು ಹುಡುಕುತ್ತ ನಿಂತಳು. ಓದಲು ಬರುತ್ತದೆ, ಓದಿದ್ದು ನಿಲ್ಲುವುದಿಲ್ಲ. ಹಳೆಯದು ಗಟ್ಟಿಯಾಗಿದೆ, ಹೊಸದು ಹತ್ತುವುದಿಲ್ಲ. ಇದು ನನಗೆ ಅರ್ಥವಾಗಲು ಒಂದು ವರ್ಷ ಬೇಕಾಯಿತು.

"ಗಾಳಿ ಸೋಕಿದೆ, ತಾಯಿತ ಕಟ್ಟಿಸಿ" ಎಂದವರಿದ್ದಾರೆ. ಹಾಗೆಂದವರ ಮನೆಯಲ್ಲೂ ಬಸವಣ್ಣನವರ ಫೋಟೋ ಇದೆ! ಬಂಧುಗಳೇ, ಇದು ಮೆದುಳಿನ ಕಾಯಿಲೆ. ಇದರಲ್ಲಿ ಹೆಚ್ಚಾಗಿ ಕಾಣುವ ಬಗೆಯನ್ನು 1906ರಲ್ಲೇ ಜರ್ಮನಿಯ ಡಾ. ಅಲ್ಝೈಮರ್ ಗುರುತಿಸಿದ್ದರು. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ ಸುಮಾರು 7 ಮಂದಿಗೆ, ಒಟ್ಟು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆಯೆಂಬ ಅಂದಾಜಿದೆ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು.

ಮರೆವೆಲ್ಲ ಇದೇ ಕಾಯಿಲೆಯೂ ಅಲ್ಲ. ಥೈರಾಯ್ಡ್ ತೊಂದರೆ, ಮನಸ್ಸಿನ ಖಿನ್ನತೆ, ಬಿ12 ಕೊರತೆಯಿಂದಲೂ ಮರೆವು ಬರುತ್ತದೆ. ಬಿ12 ಸಸ್ಯಾಹಾರಿಗಳಾದ ನಮ್ಮಲ್ಲಿ ಕಡಿಮೆಯಿರುವುದು ಸಾಮಾನ್ಯ. ಅವಕ್ಕೆ ಚಿಕಿತ್ಸೆ ಇದೆ. ಆದ್ದರಿಂದ "ವಯಸ್ಸಾಯ್ತು ಬಿಡಿ" ಎನ್ನದೆ ಮೊದಲು ರಕ್ತಪರೀಕ್ಷೆ ಮಾಡಿಸಿ. ಅಕ್ಕನಿಗೂ ಬಿ12 ಕಡಿಮೆಯಿತ್ತು. ಇಂಜೆಕ್ಷನ್ನಿನಿಂದ ಸುಸ್ತು ಹೋಯಿತು, ಮರೆವು ಹೋಗಲಿಲ್ಲ. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ಜಿಲ್ಲಾಸ್ಪತ್ರೆಗಳಲ್ಲಿ ಮೆದುಳು ಆರೋಗ್ಯದ ಕ್ಲಿನಿಕ್ ಆರಂಭಿಸಿದೆ, ಅಲ್ಲಿ ವಿಚಾರಿಸಿ. ಹಿರಿಯರ ಸಹಾಯವಾಣಿ 14567. ಬ್ಯಾಂಕಿನ ಕಾಗದಪತ್ರಗಳನ್ನು ಅವರಿಗೆ ತಿಳಿವಳಿಕೆ ಇರುವಾಗಲೇ ಸರಿಪಡಿಸಿಕೊಳ್ಳಿ. ನಾನು ತಡಮಾಡಿದೆ, ಸಹಿ ಹೊಂದುತ್ತಿಲ್ಲವೆಂದು ಅವಳನ್ನು ನಾಲ್ಕು ಸಲ ಕೌಂಟರಿನ ಮುಂದೆ ನಿಲ್ಲಿಸಬೇಕಾಯಿತು.

ಈಗ ಹೇಳಲು ನಾಚಿಕೆಯಾಗುವ ಮಾತು. ಒಂದು ದಿನ ಬೆಳಗಿನ ಜಾವ ಅಕ್ಕ ಶಿವನಿ ರೈಲ್ವೆ ಸ್ಟೇಷನ್ನಿಗೆ ಹೋಗಿ ಕೂತಿದ್ದಳು. ಭಾವ ರೈಲಿನಲ್ಲಿ ಬರುತ್ತಾರಂತೆ. ಗುರುತಿನವರೊಬ್ಬರು ಮನೆಗೆ ಕರೆತಂದು ನನಗೆ ಫೋನು ಮಾಡಿದರು. ಶಿವಮೊಗ್ಗದಿಂದ ಓಡಿ ಬಂದವನು ಸಿಟ್ಟಿನಲ್ಲಿ ಕೂಗಿದೆ: "ಭಾವ ಸತ್ತು ಒಂಬತ್ತು ವರ್ಷ ಆಯ್ತಲ್ಲೇ ಅಕ್ಕಾ!" ಅವಳು ಆ ಸುದ್ದಿಯನ್ನು ಆಗಷ್ಟೇ ಕೇಳಿದಂತೆ ಕೇಳಿದಳು. ಎದೆ ಬಡಿದುಕೊಂಡು ಅತ್ತಳು. ಮಧ್ಯಾಹ್ನದ ಹೊತ್ತಿಗೆ ಏಕೆ ಅತ್ತೆನೆಂಬುದು ಮರೆತಿತ್ತು, ದುಃಖ ಮಾತ್ರ ಮುಖದಲ್ಲಿ ಹಾಗೇ ಇತ್ತು. ಸತ್ಯವನ್ನೇ ಹೇಳಿದ್ದೆ, ನಿಜ. ಆದರೆ ಅಕ್ಕನಿಗೆ ಎರಡನೇ ಸಲ ಗಂಡನ ಸಾವು ತೋರಿಸಿದ್ದು ನಾನೇ.

ಈಗ ಅವಳು ಭಾವನನ್ನು ಕೇಳಿದರೆ, ಸತ್ತರೆಂದೂ ಹೇಳುವುದಿಲ್ಲ, ಬರುತ್ತಾರೆಂದೂ ಹೇಳುವುದಿಲ್ಲ. "ಭಾವನಿಗೆ ಯಾವ ಪಲ್ಯ ಇಷ್ಟ ಅಕ್ಕಾ?" ಎನ್ನುತ್ತೇನೆ. ಅರ್ಧ ಗಂಟೆ ಸಂತೋಷದಿಂದ ಹೇಳುತ್ತಾಳೆ. ಲಿಂಗಪೂಜೆಯೂ ಹಾಗೆಯೇ. ಮುಗಿಸಿ ಎದ್ದ ಹತ್ತು ನಿಮಿಷಕ್ಕೆ, ಪೂಜೆಯಾಗದೆ ಹೇಗೆ ಉಣ್ಣಲಿ ಎಂದು ತಟ್ಟೆ ಸರಿಸುತ್ತಾಳೆ. ಆಯಿತಲ್ಲ ಎಂದು ವಾದಿಸಿ ಎಷ್ಟೋ ದಿನ ಅವಳನ್ನು ಉಪವಾಸ ಕೆಡವಿದ್ದೇನೆ. ಈಗ ಅವಳ ಪಕ್ಕದಲ್ಲಿ ನಾನೂ ಕೂರುತ್ತೇನೆ. ಆ ಅಂಗೈ ಏನನ್ನೂ ಮರೆತಿಲ್ಲ. ಆಮೇಲೆ ಇಬ್ಬರೂ ಉಣ್ಣುತ್ತೇವೆ.

"ತಮ್ಮನಾಗಿ ಒಂಟಿ ಬಿಟ್ಟಿದ್ದೀರಲ್ಲ" ಎನ್ನುವವರಿದ್ದಾರೆ. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿದ್ದೆ. ರಾತ್ರಿ ಬಚ್ಚಲು ಸಿಗದೆ ಒದ್ದಾಡಿದಳು. ಬಟ್ಟೆ ಗಂಟು ಹಿಡಿದು "ನಮ್ಮನೆಗೆ ಕಳಿಸು" ಎಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಹನ್ನೆರಡನೇ ದಿನ ವಾಪಸ್ಸು ತಂದುಬಿಟ್ಟೆ. ಈಗ ವಾರಕ್ಕೆ ಎರಡು ದಿನ ನಾನಿರುತ್ತೇನೆ, ರಾತ್ರಿ ಪಕ್ಕದ ಮನೆಯ ತಾಯಿ ಬಂದು ಮಲಗುತ್ತಾರೆ. ಇದು ಬಹಳ ದಿನ ನಡೆಯುವುದಿಲ್ಲವೆಂದು ಗೊತ್ತು. ಒಂದು ದಿನ ಆ ಮನೆಗೆ ಬೀಗ ಹಾಕಲೇಬೇಕು. ಆ ದಿನವನ್ನು ಅವಳ ಕ್ಷೇಮ ನೋಡಿ ತೀರ್ಮಾನಿಸಬೇಕು, ಜನರ ಬಾಯಿಗೆ ಹೆದರಿ ಅಲ್ಲ.

ಇಲಾಖೆಯಲ್ಲಿ ಪ್ರತಿ ಕಾಮಗಾರಿಗೂ ಮುಕ್ತಾಯದ ವರದಿ ಇರುತ್ತಿತ್ತು. ಈ ಕೆಲಸಕ್ಕೆ ಮುಕ್ತಾಯವಿಲ್ಲ, ದಿನದಿನದ ನಿರ್ವಹಣೆ ಅಷ್ಟೇ. ಅದು ಒಬ್ಬನಿಂದ ಆಗುವುದಿಲ್ಲ. ಅನ್ನ ನೀಡುವುದನ್ನು ದಾಸೋಹವೆಂದು ನಾವು ಚೆನ್ನಾಗಿ ಕಲಿತಿದ್ದೇವೆ. ಹೊತ್ತು ನೀಡುವುದೂ ದಾಸೋಹವೇ. ಇಂಥ ಮನೆಗೆ ಹೋಗಿ "ಎರಡು ಗಂಟೆ ನಾನು ಕೂತಿರುತ್ತೇನೆ, ನೀವು ಹೋಗಿ ಬನ್ನಿ" ಎನ್ನಿ. ನೋಡಿಕೊಳ್ಳುವವರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಅಕ್ಕನ ಮನೆಗೆ ಈಗ ನಾಲ್ಕು ಬೀಗದ ಕೈ. ನನ್ನ ಹತ್ತಿರ ಒಂದು, ಪಕ್ಕದ ಮನೆಯಲ್ಲಿ ಒಂದು, ಎದುರಿನ ಅಂಗಡಿಯಲ್ಲಿ ಒಂದು. ನಾಲ್ಕನೆಯದು ಅಕ್ಕಿ ಡಬ್ಬಿಯಲ್ಲೇ ಇರಲಿ ಎಂದು ಬಿಟ್ಟಿದ್ದೇನೆ. ನಿಮ್ಮ ಬೀದಿಯಲ್ಲಿ ಒಂಟಿಯಾಗಿರುವ ಹಿರಿಯರ ಮನೆಯ ಬೀಗದ ಕೈ ಮತ್ತೆ ಯಾರ ಹತ್ತಿರ ಇದೆ? ಇವತ್ತು ಮನೆಗೆ ಹೋಗುವಾಗ ವಿಚಾರಿಸಿಕೊಂಡು ಹೋಗಿ.