ಯಾರ ಒಪ್ಪಿಗೆ?

ನೋಯ್ಡಾದ ಅವಳಿ ಗೋಪುರಗಳನ್ನು ಕುರಿತು ಸುಪ್ರೀಂ ಕೋರ್ಟು 2021ರಲ್ಲಿ ಕೊಟ್ಟ ತೀರ್ಪನ್ನು ಓದುವಾಗ ನಾನು ತಡೆದು ನಿಂತದ್ದು ಒಂದು ಸಣ್ಣ ಸಂಗತಿಯ ಬಳಿ. ವಸತಿ ಸಮುಚ್ಚಯದ ನಕ್ಷೆಯಲ್ಲಿ ಉದ್ಯಾನವೆಂದು ತೋರಿಸಿದ್ದ ನೆಲದಲ್ಲಿ ಎರಡು ಗೋಪುರಗಳಿಗೆ 2009ರಲ್ಲಿ ಮಂಜೂರಾತಿ ದೊರೆಯಿತು. 2012ರಲ್ಲಿ ಅವನ್ನು 40 ಅಂತಸ್ತಿನವರೆಗೆ ಏರಿಸಲೂ ದೊರೆಯಿತು. ಪಕ್ಕದ ಕಟ್ಟಡಕ್ಕೂ ಅವಕ್ಕೂ ನಡುವೆ ಉಳಿದದ್ದು 9 ಮೀಟರು. ಮೊದಲೇ ಮನೆ ಕೊಂಡವರ ಒಪ್ಪಿಗೆ ಕಾನೂನಿನಂತೆ ಅಗತ್ಯವಾಗಿತ್ತು. ಅದನ್ನು ಯಾರೂ ಕೇಳಲಿಲ್ಲ. ಮಂಜೂರಾದ ನಕ್ಷೆಯನ್ನಾದರೂ ತೋರಿಸಿರೆಂದು ಅವರು ಬೇಡಿದಾಗ, ನಗರ ಪ್ರಾಧಿಕಾರ ಕಟ್ಟುವ ಸಂಸ್ಥೆಯ ಒಪ್ಪಿಗೆ ಕೇಳಿತು! ಸಂಸ್ಥೆ ಒಲ್ಲೆನೆಂದಿತು, ನಕ್ಷೆ ಕಡತದಲ್ಲೇ ಉಳಿಯಿತು. ಒಪ್ಪಿಗೆಯೆಂಬ ಮಾತು ಇಷ್ಟು ತಲೆಕೆಳಗಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. 2022ರ ಆಗಸ್ಟ್ 28ರಂದು ಗೋಪುರಗಳನ್ನು ಸಿಡಿಮದ್ದಿಟ್ಟು ಕೆಡವಿದರು. ಅಂದು ಬೆಳಿಗ್ಗೆ, ದಾವೆ ಗೆದ್ದ ನಿವಾಸಿಗಳೇ ಮನೆಗೆ ಬೀಗವಿಕ್ಕಿ ಹೊರನಡೆಯಬೇಕಾಯಿತು.